ಅಕ್ಕನ ಎಡಮೆದುಳು ಮತ್ತು ಒಂದು ಒಡಪು

ನನ್ನ ಮುಂದೆ ಈಗ ಒಂದು ಹೂಕೋಸು ಕುಳಿತಿದೆ. ಹೆಂಡತಿ ಅದನ್ನೂ ಒಂದು ಚಾಕುವನ್ನೂ ತಾಟಿನಲ್ಲಿಟ್ಟು, "ಸುಮ್ನ ಕುಂತೀರಲ್ಲ, ಇದನ್ನರ ಹೆಚ್ಚಿ ಕೊಡ್ರಿ" ಎಂದು ಅಡುಗೆಮನೆಗೆ ಹೋಗಿದ್ದಾಳೆ. ಹಾನಗಲ್ಲ ಸಂತೆಯ ತಾಜಾ ಮಾಲು. ಎಲೆ ಬಿಡಿಸಿದೊಡನೆ ಆ ಹಸಿಹಸಿಯಾದ, ತುಸು ಗಂಧಕ ಬೆರೆತಂಥ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಇದರಿಂದ ಪಲ್ಯ ನೆನಪಾಗಬಹುದು. ನನಗೆ ಹತ್ತನೆಯ ಇಯತ್ತೆಯ ನರವ್ಯೂಹದ ಪಾಠ ನೆನಪಾಗುತ್ತದೆ.

ನಾನು ವಿಜ್ಞಾನದ ಮಾಸ್ತರನಾಗಿದ್ದವನು. ಮನುಷ್ಯನ ಮೆದುಳನ್ನು ತರಗತಿಗೆ ತರುವಂತಿರಲಿಲ್ಲ. ತಂದರೂ ಅದರ ಒಡೆಯರು ಬಿಟ್ಟುಕೊಡಬೇಕಲ್ಲ. ಆದ್ದರಿಂದ ಪ್ರತಿ ವರ್ಷ ಒಂದು ಹೂಕೋಸನ್ನು ಮೇಜಿನ ಮೇಲೆ ಪ್ರತಿಷ್ಠಾಪಿಸಿ, ಚಾಕುವಿನಿಂದ ಮಧ್ಯಕ್ಕೆ ಸೀಳಿ, ಗಂಭೀರವಾಗಿ ಸಾರುತ್ತಿದ್ದೆ: ಇದು ಎಡ ಅರೆ, ಇದು ಬಲ ಅರೆ. ಹಿಂದೆ ಕೆಳಗೆ ಅಂಟಿಕೊಂಡ ಈ ಪುಟ್ಟ ಗೊಂಚಲು ಚಿಕ್ಕಮೆದುಳು, ನಡೆಯುವಾಗ ಬೀಳದಂತೆ ನೋಡಿಕೊಳ್ಳುವ ಕಾರಭಾರಿ. ಈ ದಂಟಿನ ತುದಿ ಉಸಿರನ್ನೂ ಎದೆಬಡಿತವನ್ನೂ ಕಾಯುವ, ಜನ್ಮದಲ್ಲಿ ರಜೆ ಕೇಳದ ಕಾವಲುಗಾರ. ಇಲ್ಲಿಯೇ ನರಗಳ ದಾರಿ ಕತ್ತರಿ ಹಾಕುತ್ತದೆ; ಎಡ ಅರೆಯ ಹುಕುಂ ಬಲಗೈಗೆ, ಬಲ ಅರೆಯದು ಎಡಗೈಗೆ. ಮಾತು ಎಂಬ ದೊಡ್ಡ ಕಚೇರಿ ಬಹುತೇಕ ಎಲ್ಲರಲ್ಲೂ ಎಡಗಡೆಗೇ ಇದೆ. ಪಾಠ ಮುಗಿದ ಮೇಲೆ ಮೆದುಳನ್ನು ನನ್ನ ಕೈಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಡುತ್ತಿದ್ದೆ. ಹಿಂದಿನ ಬೆಂಚಿನಿಂದ ಪಿಸುಮಾತು ಬರುತ್ತಿತ್ತು: "ಇವತ್ತ ಮಾಸ್ತರ ಮನ್ಯಾಗ ಮೆದುಳಿನ ಪಲ್ಯಾ ಲೇ." ಊರಿನಲ್ಲಿ ನನಗೆ ಹೂಕೋಸು ಮಾಸ್ತರ ಎಂಬ ಬಿರುದು ಬಂದದ್ದು ಹೀಗೆ. ನಿವೃತ್ತಿಯ ಜೊತೆಗೆ ಅನೇಕ ಸಂಗತಿಗಳು ಹೋದವು, ಅದು ಹೋಗಲಿಲ್ಲ.

ಇಷ್ಟು ಕಾಲ ಮೆದುಳನ್ನು ಸೀಳಿ ತೋರಿಸಿದ ನಾನು ಅದರ ಕೆಲಸವನ್ನು ಕಣ್ಣಾರೆ ಕಂಡದ್ದು ಅದು ನಿಂತ ದಿನ. ನಿಂತದ್ದು ನನ್ನ ಅಕ್ಕ ಗಂಗವ್ವನ ತಲೆಯಲ್ಲಿ.

ಅಕ್ಕನನ್ನು ತಿಳವಳ್ಳಿಗೆ ಕೊಟ್ಟಿತ್ತು. ಅವಳ ಗಂಡ, ನಮ್ಮ ಮಾಮಾ, ಭತ್ತ ಮತ್ತು ಗೋವಿನಜೋಳದ ಒಕ್ಕಲುತನದವರು. ದಿನಕ್ಕೆ ನಾಲ್ಕು ಮಾತು ಆಡಿದರೆ ಅದರಲ್ಲಿ ಮೂರು ಎತ್ತುಗಳಿಗೆ. ಅವರ ಹೆಸರು ಫಕ್ಕೀರಪ್ಪ. ಈ ಹೆಸರನ್ನು ನಾನು ಇಲ್ಲಿ ಇಷ್ಟು ಸಲೀಸಾಗಿ ಬರೆದೆ. ಅಕ್ಕ ಹೀಗೆ ಎಂದೂ ಹೇಳಿದವಳಲ್ಲ. ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದೆಂಬುದು ನಮ್ಮ ಕಡೆಯ ಹೆಂಗಸರ ಶಾಸ್ತ್ರ. ಒಮ್ಮೆ ಬಸ್ ನಿಲ್ದಾಣದ ಗದ್ದಲದಲ್ಲಿ ಮಾಮಾ ತಪ್ಪಿಸಿಕೊಂಡಾಗ ಅಕ್ಕ "ಏ, ಕೆಂಪ ರುಮಾಲದವರ!" ಎಂದು ಕೂಗಿದಳು. ಕೆಂಪು ರುಮಾಲಿನವರೆಲ್ಲ ತಿರುಗಿ ನೋಡಿದರು, ಮಾಮಾ ಒಬ್ಬರನ್ನು ಬಿಟ್ಟು.

ಹೆಸರು ಹೇಳಲು ಒಂದೇ ಒಂದು ಕಾನೂನುಬದ್ಧ ದಾರಿಯುಂಟು. ಮದುವೆಯಲ್ಲೋ ಕುಬಸದಲ್ಲೋ ಹೆಂಗಸರು ಅಡ್ಡಗಟ್ಟಿ ಕೂತು ಕಾಡಿದಾಗ ಪ್ರಾಸ ಕಟ್ಟಿ, ಪದ್ಯದ ನಡುವೆ ಹೆಸರನ್ನು ಹುದುಗಿಸಿ ಹೇಳಬಹುದು. ಅದೇ ಒಡಪು. ಅಕ್ಕ ಒಡಪಿನಲ್ಲಿ ಸಿಂಹಿಣಿ. ಹೊಸ ಮದುವಣಗಿತ್ತಿಯಾಗಿ ಅವಳು ಕಟ್ಟಿದ್ದು, ಆಮೇಲೆ ಕಂಡ ಕಂಡ ಕಾರ್ಯಗಳಲ್ಲಿ ಹೇಳಿ ಹೇಳಿ ನಮ್ಮ ಬಳಗಕ್ಕೆಲ್ಲ ಬಾಯಿಪಾಠವಾದದ್ದು, ಇದು:

ಸವಣೂರ ಎಲಿಗೆ ಸುಣ್ಣ ಬೇಕು, ಸುಣ್ಣಕ್ಕ ಬೇಕು ನೀರು,
ಫಕ್ಕೀರಪ್ಪಗ ನನ್ನ ಬಿಟ್ಟರ ಬ್ಯಾರೆ ಗತಿ ಯಾರು?

ಮಾಮಾ ಇದನ್ನು ಕೇಳಿದಾಗಲೆಲ್ಲ ನೆಲ ನೋಡುತ್ತಿದ್ದರು. ಎಲೆಯಡಿಕೆ ತುಂಬಿದ ಬಾಯಿ ನಗುತ್ತಿತ್ತೋ ಅಗಿಯುತ್ತಿತ್ತೋ ತಿಳಿಯುತ್ತಿರಲಿಲ್ಲ.

ಆ ದಿನ ಹಿರೇಬೆಂಡಿಗೇರಿಯಲ್ಲಿ ನಮ್ಮ ಬಳಗದ ಸೊಸೆಯೊಬ್ಬಳ ಕುಬಸ. ಬಸುರಿಗೆ ಸೀರೆ ಕುಬಸ ಉಡಿಸಿ, ಉಡಿ ತುಂಬಿ, ಆರತಿ ಎತ್ತುವ ಕಾರ್ಯ. ಒಳಗೆ ಹೆಂಗಸರ ರಾಜ್ಯ. ಹೊರಗೆ ಕಟ್ಟೆಯ ಮೇಲೆ ನಾವು ಗಂಡಸರು, ಊಟದ ಕರೆಗೆ ಕಿವಿಗೊಟ್ಟ ನಿರಾಶ್ರಿತರು. ಒಳಗಿನಿಂದ ಕಲ್ಲವ್ವ ಎಂಬ ದೂರದ ಸಂಬಂಧಿಯ ಧ್ವನಿ ಕೇಳುತ್ತಿತ್ತು. ಕಲ್ಲವ್ವನ ಧ್ವನಿ ಕೇಳಲು ಹತ್ತಿರವಿರಬೇಕೆಂದೇನೂ ಇಲ್ಲ.

"ಗಂಗವ್ವಾ, ಹೆಸರು ಹೇಳಿ ಆರತಿ ಮುಟ್ಟು. ಹೇಳದ ಬಿಡಂಗಿಲ್ಲ!"

ನಾವೆಲ್ಲ ಸವಣೂರಿನ ಎಲೆಗೆ ಸಿದ್ಧರಾಗಿ ಕಿವಿ ನಿಮಿರಿಸಿದೆವು. ಏನೂ ಬರಲಿಲ್ಲ.

"ಅಯ್ಯ ನೋಡ್ರೆವಾ, ಮೊಮ್ಮಕ್ಕಳನ್ನ ಆಡ್ಸಾಕಿ ಈಗ ನಾಚ್ಕೊಳ್ಳಾಕತ್ತಾಳ!"

ನಗೆ ಎದ್ದಿತು. "ಮುದಕನ್ನ ಒಳಗ ಕರೀರಿ, ಎದುರಿಗಿ ಕುಂತರ ಬಾಯಿ ಬಿಡ್ತಾಳ!" ಎಂದು ಇನ್ನೊಬ್ಬಳು. ಮತ್ತೆ ನಗೆ. ಕಟ್ಟೆಯ ಮೇಲಿನ ಗಂಡಸರೂ ನಕ್ಕರು. ಮಾಮಾ ನೆಲ ನೋಡಿದರು. ಆ ನಗೆ ಎಷ್ಟು ಹೊತ್ತು ನಡೆಯಿತೆಂದು ಆಮೇಲೆ ಎಷ್ಟು ಸಲ ಲೆಕ್ಕ ಹಾಕಿದರೂ ನನಗೆ ಸಿಕ್ಕಿಲ್ಲ. ಕೊನೆಗೆ ಅದು ಒಂದು ಬದಿಯಿಂದ ಆರುತ್ತ ಬಂತು. ಪೂರ್ತಿ ಆರಿದ ಮೇಲೆ ಕಲ್ಲವ್ವನ ಧ್ವನಿ, ನಾನು ಹಿಂದೆಂದೂ ಕೇಳದಷ್ಟು ಸಣ್ಣದಾಗಿ, "ಗಂಗವ್ವಾ? ಏ ಗಂಗವ್ವಾ?" ಎಂದಿತು.

ನಾವು ನುಗ್ಗಿದಾಗ ಅಕ್ಕ ಗೋಡೆಗೆ ಒರಗಿದ್ದಳು. ಬಲಗೈಯಲ್ಲಿದ್ದ ಕುಂಕುಮದ ಬಟ್ಟಲು ಸೀರೆಯ ಮೇಲೆ ಬೋರಲಾಗಿತ್ತು. ಕೈ ಮಡಿಲಲ್ಲಿ ಯಾರದೋ ಸಾಮಾನು ಬಿಟ್ಟುಹೋದಂತೆ ಬಿದ್ದಿತ್ತು. ತುಟಿ ಬಲಕ್ಕೆ ಜೋತಿತ್ತು. ಕಣ್ಣು ಮಾತ್ರ ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡುತ್ತಿತ್ತು. ಒಬ್ಬಳು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದಳು, ಮತ್ತೊಬ್ಬಳು ಕಬ್ಬಿಣದ ಕೀಲಿಕೈಯನ್ನು ಅಂಗೈಗೆ ಒತ್ತಿದಳು. ನಾನು, ಪರೀಕ್ಷೆಯಲ್ಲಿ ಎದ್ದು ನಿಂತ ಹುಡುಗನಂತೆ, "ಎಡಮೆದುಳು!" ಎಂದೆ. ಉತ್ತರ ಸರಿಯಿತ್ತು. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಹುಬ್ಬಳ್ಳಿಯ ದಾರಿ ಹಿಡಿದ ಜೀಪಿನಲ್ಲಿ ಅಕ್ಕನ ತಲೆ ಮಾಮಾನ ತೊಡೆಯ ಮೇಲೆ. ಕಲ್ಲವ್ವ ತಾನೂ ಹತ್ತಿದಳು. ದಾರಿಯುದ್ದಕ್ಕೂ ಒಂದೇ ಮಾತು: "ಲಕ್ವಾ ಹೊಡದೈತ್ರಿ. ತಡಸ ಕ್ರಾಸಿನಿಂದ ಒಳಗ ಹ್ವಾದ್ರ ಔಷಧ ಕೊಡೋ ಅಜ್ಜ ಅದಾನ. ಪಾರಿವಾಳದ ರಕ್ತ ಬಿಸಿ ಇದ್ದಾಗನ ತಿಕ್ಕತಾನ. ನಮ್ಮ ದೊಡ್ಡಪ್ಪ ಅದರಾಗ ಎದ್ದು ಹೊಲಕ್ಕ ಹ್ವಾದ್ರಿ. ಹುಬ್ಬಳ್ಳಿಗೆ ಹ್ವಾದ್ರ ಬರೇ ನಳಗಿ ಚುಚ್ಚತಾರ."

ನಾನು ಪಾಠ ಶುರುಮಾಡಿದೆ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ಗಡ್ಡೆ ಸಿಕ್ಕಿರಬಹುದು. ನೀರು ನಿಂತ ಕಾಲುವೆಯ ಕೆಳಗಿನ ಮಡಿಯಂತೆ ಮೆದುಳಿನ ಒಂದು ಭಾಗ ಒಣಗುತ್ತಿರಬಹುದು. ಗಡ್ಡೆ ಕರಗಿಸುವ ಇಂಜೆಕ್ಷನ್ನು ಇದೆ, ಆದರೆ ಕೆಲವೇ ತಾಸುಗಳೊಳಗೆ ಬೀಳಬೇಕು. ಹೇಳುತ್ತ ಹೇಳುತ್ತ ನನ್ನ ಕೈ ಗಾಳಿಯಲ್ಲಿ ಹೂಕೋಸಿನ ಆಕಾರ ಮಾಡುತ್ತಿತ್ತು. ಕಲ್ಲವ್ವ ಆ ಆಕಾರವನ್ನು ನೋಡಿ, ಡ್ರೈವರನಿಗೆ, "ಕ್ರಾಸ್ ಬಂತು ನೋಡಪಾ, ನಿಧಾನ ಮಾಡು" ಎಂದಳು. ಜೀಪು ನಿಧಾನವಾಯಿತು. ನಿಂತೇ ಬಿಟ್ಟಿತು. ಡ್ರೈವರ ಕನ್ನಡಿಯಲ್ಲಿ ಮಾಮಾನ ಮುಖ ನೋಡಿದ.

ಮಾಮಾ ನನ್ನನ್ನು ಕೇಳಿದರು: "ಮಾಸ್ತರ, ನಿನ್ನ ಹೂಕೋಸಿನಾಗ ಒಂದ್ಸಾರೆ ಬಾಡಿದ್ದು ತಿರುಗಿ ಅರಳತೈತೇನು?"

"ಬಾಡಿದ್ದು ಅರಳಂಗಿಲ್ಲ ಮಾಮಾ. ಬಾಡಾಕತ್ತಿದ್ದನ್ನ ಉಳಿಸಬಹುದು. ಹೊತ್ತು ಭಾಳ ಇಲ್ಲ."

"ಇದು ಪುಸ್ತಕದಾಗಿಂದೋ, ನೀ ನೋಡಿದ್ದೋ?"

"ಪುಸ್ತಕದಾಗಿಂದು."

ಮಾಮಾ ಅಕ್ಕನ ಕಡೆ ನೋಡಿದರು. ಅವಳ ಎಡಗೈ ಅವರ ಅಂಗಿಯ ಚುಂಗನ್ನು ಹಿಡಿದುಕೊಂಡಿತ್ತು. "ಹುಬ್ಬಳ್ಳಿಗೆ ನಡಿ" ಎಂದರು. ಆ ದಿನ ಒಂದು ಪಾರಿವಾಳ ಬದುಕಿಕೊಂಡಿತು. ಅಕ್ಕನ ವಿಷಯ ಮಾತ್ರ ಇನ್ನೂ ತಿಳಿಯದು.

ಆಸ್ಪತ್ರೆಯ ಡಾಕ್ಟರು ಮೈಸೂರು ಕಡೆಯ ಕನ್ನಡ ಆಡುವ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರ ಮೊದಲ ಪ್ರಶ್ನೆ: "ಕೊನೆಯದಾಗಿ ಸರಿಯಾಗಿ ಮಾತಾಡಿದ್ದು ಯಾವಾಗ?" ಆ ನಗೆಯ ಹೊತ್ತನ್ನು ಆರೋಗ್ಯದ ಬದಿಗೆ ಹಿಡಿಯಬೇಕೋ, ರೋಗದ ಬದಿಗೋ? ಮಾಮಾ ಹೇಳಿದರು: "ಕುಬಸಕ್ಕ ಒಳಗ ಹೋಗೂವಾಗ ನನಗ ಬೈದ್ಲು ನೋಡ್ರಿ. ಅಂಗಿ ಮ್ಯಾಲ ಎಲಿ ಉಗುಳ್ಕೊಂಡೀರಿ, ಮಂದ್ಯಾಗ ಮಾನಾ ಕಳೀತೀರಿ ಅಂತ. ಅಗದಿ ಸ್ಪಷ್ಟ ಬೈದ್ಲು." ಅಂಗಿಯ ಮೇಲಿನ ಕಲೆಯನ್ನೂ ಸಾಕ್ಷಿಗೆಂಬಂತೆ ತೋರಿಸಿದರು. ಡಾಕ್ಟರು ಗಡಿಯಾರ ನೋಡಿ, ಸ್ಕ್ಯಾನಿಗೆ ಓಡಿಸಿದರು. ಗಡ್ಡೆ ಎಡಗಡೆಗೇ ಇತ್ತು. ಕರಗಿಸುವ ಮದ್ದಿಗೆ ಹೊತ್ತು ಇನ್ನೂ ಮಿಕ್ಕಿತ್ತು; ಆದರೆ ಅದರಿಂದಲೇ ತಲೆಯೊಳಗೆ ರಕ್ತ ಸೋರಿದರೂ ಸೋರಬಹುದು ಎಂದರು. ಮಾಮಾ ಹೆಬ್ಬೆಟ್ಟು ಒತ್ತಿದರು. ಮದ್ದು ಹನಿಹನಿಯಾಗಿ ಇಳಿಯತೊಡಗಿತು. ನಾನು ಆ ಹೊರಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತ, ನನ್ನ ಚಿಕ್ಕಮೆದುಳಿಗೆ ಮನಸಾರೆ ವಂದಿಸಿದೆ. ಬೀಳದೆ ನಡೆಯುತ್ತಿದ್ದೇನೆಂಬುದೇ ಆಗ ದೊಡ್ಡ ಸಂಗತಿಯಾಗಿತ್ತು.

ಸಂಜೆಯ ಹೊತ್ತಿಗೆ ಬಲಗೈಯ ಬೆರಳು ಅಲುಗಿದವು. ತುಟಿ ಅರ್ಧ ನೆಟ್ಟಗಾಯಿತು. ಮಾತು ಇಲ್ಲ. ಡಾಕ್ಟರು ಹಾಸಿಗೆಯ ಬದಿಗೆ ಬಾಗಿ ಕೇಳಿದರು: "ಅಮ್ಮಾ, ಇದು ಯಾವ ತಿಂಗಳು?" ಆಮೇಲೆ ಮಾಮಾನತ್ತ ಬೆರಳು ಮಾಡಿ: "ಇವರು ಯಾರು? ನಿಮ್ಮ ಯಜಮಾನರ ಹೆಸರೇನು?"

ಅಕ್ಕ ಮಾಮಾನನ್ನು ನೋಡಿದಳು. ಆಮೇಲೆ ನಿಧಾನವಾಗಿ ಕಣ್ಣು ಕೆಳಗೆ ಮಾಡಿ, ತುಟಿಯನ್ನು ಬಿಗಿದುಕೊಂಡಳು.

ಡಾಕ್ಟರು ನಿಟ್ಟುಸಿರಿಟ್ಟರು. ಪಕ್ಕದಲ್ಲಿದ್ದ ಹಿರೇಕೆರೂರಿನ ನರ್ಸಮ್ಮನಿಗೆ ತಡೆಯಲಾಗಲಿಲ್ಲ. "ಮೇಡಂ, ನಮ್ಮ ಕಡೆ ಗಂಡನ ಹೆಸರು ಹಂಗ ಹೇಳಂಗಿಲ್ರಿ. ನಮ್ಮವ್ವನ್ನ ಕೇಳಿದ್ರೂ ಹಿಂಗ ಕುಂದ್ರತಾಳ."

"ಹಾಗಾದ್ರೆ ಇವರು ಹೇಳ್ತಿಲ್ಲವೋ, ಹೇಳೋಕೆ ಆಗ್ತಿಲ್ಲವೋ?"

ಬೆಳಗ್ಗೆ ಮೆದುಳು ಕೆಟ್ಟದ್ದನ್ನು ನಾವು ನಾಚಿಕೆ ಎಂದುಕೊಂಡಿದ್ದೆವು. ಈಗ ಎದುರಿಗಿರುವುದು ನಾಚಿಕೆಯೋ ಕೆಟ್ಟ ಮೆದುಳೋ? ಸ್ಕ್ಯಾನಿನ ಯಂತ್ರ ಎಷ್ಟೇ ದೊಡ್ಡದಿದ್ದರೂ ನಾಚಿಕೆ ಅದರಲ್ಲಿ ಮೂಡುವುದಿಲ್ಲ.

"ಒಡಪಿನಾಗ ಹೇಳ್ತಾರ್ರಿ ಮೇಡಂ," ಎಂದಳು ನರ್ಸಮ್ಮ. "ಯಾರರ ಶುರು ಮಾಡಿಕೊಡಬೇಕು."

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಾಮಾ ಬಾಗಿದರು. ತನ್ನ ಹೆಸರಿನ ಒಡಪನ್ನು ತಾನೇ ಹೇಳುವುದು ನಮ್ಮ ಕಡೆಯ ಗಂಡಸಿಗೆ ಸೀರೆ ಉಟ್ಟು ಸಂತೆಗೆ ಹೋದಷ್ಟು ಅಪಮಾನ. ಒಡಕು ಧ್ವನಿಯಲ್ಲಿ ಅವರು, "ಸವಣೂರ ಎಲಿಗೆ..." ಎಂದರು.

ಅಕ್ಕನ ಗಂಟಲು ಕದಲಿತು. "...ಸುಣ್ಣ ಬೇಕು," ಎಂದಳು. "ಸುಣ್ಣಕ್ಕ ಬೇಕು ನೀರು. ಫಕ್ಕೀರಪ್ಪಗ ನನ್ನ ಬಿಟ್ಟರ ಬ್ಯಾರೆ ಗತಿ ಯಾರು?"

ಒಂದಕ್ಷರ ಜಾರಲಿಲ್ಲ. ನಾನು ಕುಣಿದಾಡುವುದೊಂದು ಬಾಕಿ. "ನೋಡಿದ್ರಾ ಡಾಕ್ಟರೇ, ಮಾತು ಸರಿ ಇದೆ!"

ಡಾಕ್ಟರು ತಲೆ ಅಲ್ಲಾಡಿಸಿದರು. ಅಕ್ಕನಿಗೆ ಒಂದು ಚಮಚ ತೋರಿಸಿ, "ಇದೇನು?" ಎಂದರು. ಅಕ್ಕ ಬಹಳ ಕಷ್ಟಪಟ್ಟು ಬಾಯಿ ತೆರೆದಳು. "ಸವಣೂರ ಎಲಿಗೆ..." ಎಂದಳು. ಅವಳ ಕಣ್ಣಲ್ಲಿ ನೀರು ಬಂತು. ತಪ್ಪೆಂಬುದು ಅವಳಿಗೆ ಗೊತ್ತಾಗಿತ್ತು.

ಡಾಕ್ಟರು ಹೊರಗೆ ಕರೆದು ವಿವರಿಸಿದ್ದನ್ನು ನಾನು ನನ್ನ ಭಾಷೆಗೆ ತಿರುಗಿಸಿ ಹೇಳುತ್ತೇನೆ. ಸಂತೆ ಮುಗಿಸಿ ಬರುವಾಗ ಒಡೆಯ ಗಾಡಿಯಲ್ಲಿ ನಿದ್ದೆ ಹೋಗಿದ್ದರೂ ಎತ್ತುಗಳು ಮನೆಗೆ ಬಂದು ಮುಟ್ಟುತ್ತವಲ್ಲ, ಹಾಡು, ಬೈಗುಳ, ಬಾಯಿಪಾಠದ ಪದ ಹಾಗೆ. ಅವು ಸವೆದ ದಾರಿ. ಮೆದುಳಿನ ಬೇರೆ ಮೂಲೆಗಳು, ಬಲಗಡೆಯೂ ಸೇರಿ, ಅವನ್ನು ನಡೆಸುತ್ತವೆ. ಹೊಸ ಊರಿಗೆ ಹೋಗಬೇಕೆಂದರೆ ಮಾತ್ರ ಒಡೆಯ ಎಚ್ಚರವಿರಬೇಕು. ಎಡಗಡೆಯ ಆ ಒಡೆಯ ಎದ್ದಿರಲಿಲ್ಲ. ಏಳುತ್ತಾನೋ ಇಲ್ಲವೋ ಹೇಳಲಾಗದು. "ಒಂದು ಗಮನಿಸಿ," ಎಂದರು ಡಾಕ್ಟರು. "ಈಗ ಇರೋದರಲ್ಲಿ ಏನಾದರೂ ಕಡಿಮೆ ಆದ್ರೆ ತಡ ಮಾಡದೆ ಕರ್ಕೊಂಡು ಬನ್ನಿ. ಇನ್ನೊಂದು ಸಲ ಹೊಡೆಯೋ ಭಯ ಇದ್ದೇ ಇದೆ." ಮಾಮಾ ಈ ಕೊನೆಯ ಮಾತನ್ನು ಮಾತ್ರ ಕಟ್ಟಿಕೊಂಡು ತಿಳವಳ್ಳಿಗೆ ಹೋದರು.

ಆಮೇಲಿನ ಕಾಲವನ್ನು ಏನೆಂದು ಬಣ್ಣಿಸಲಿ? ಅಕ್ಕ ಕೋಲು ಹಿಡಿದು ನಡೆದಳು, ಎಡಗೈಯಿಂದ ರೊಟ್ಟಿ ಬಡಿಯಲೂ ಕಲಿತಳು. ಬಾಯಿಯಿಂದ ಮಾತ್ರ ಬರುತ್ತಿದ್ದದ್ದು ಆ ಒಡಪೊಂದೇ. ನೀರಡಿಕೆಯಾದರೆ ಸವಣೂರ ಎಲೆ. ಸಾರಿಗೆ ಉಪ್ಪು ಸಾಲದಿದ್ದರೆ ಸವಣೂರ ಎಲೆ, ಸುಣ್ಣದ ಮೇಲೆ ಒತ್ತು ಕೊಟ್ಟು. ಕರು ಹಗ್ಗ ಹರಿದುಕೊಂಡು ಓಡಿದಾಗ ಇಡೀ ಒಡಪು ಒಂದೇ ಉಸಿರಿನಲ್ಲಿ ಕಿರುಚಾಗಿ ಬಂತಂತೆ. ಮಾಮಾ ಪ್ರತಿಯೊಂದರ ಧಾಟಿ ಹಿಡಿದುಕೊಂಡರು. "ಇದು ಹಸಿವಿಂದು," "ಇದು ಬೈಗಳ," ಎಂದು ನನಗೆ ಅರ್ಥ ಹೇಳುತ್ತಿದ್ದರು. ಕಾರ್ಯದ ಒಡಪು ಬಿಟ್ಟರೆ ಜನ್ಮದಲ್ಲಿ ಗಂಡನ ಹೆಸರು ಎತ್ತದವಳು ಬೆಳಗಿನಿಂದ ಬೈಗಿನವರೆಗೆ ಅದನ್ನೇ ಜಪಿಸುತ್ತಿದ್ದಳು. ಓಣಿಯ ಹೆಂಗಸರು ಮೊದಮೊದಲು ನಕ್ಕರು, ಆಮೇಲೆ ಕೇಳದವರಂತೆ ನಡೆದುಹೋದರು. ಮಾಮಾನಿಗೆ ಮಾತ್ರ ಒಂದೇ ಚಿಂತೆ: ಉಳಿದಿರುವ ಈ ಒಂದಾದರೂ ಉಳಿಯಬೇಕು. ದಿನಾ ಬೆಳಗ್ಗೆ ಅವಳು ಎದ್ದೊಡನೆ ಎದುರಿಗೆ ಕೂತು ಪೂರ್ತಿ ಹೇಳಿಸಿ, ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಆಮೇಲೆಯೇ ಹೊಲಕ್ಕೆ ಹೋಗುತ್ತಿದ್ದರು.

ಒಂದು ಬೆಳಗ್ಗೆ ಅವರ ಫೋನು ಬಂತು. "ಮಾಸ್ತರ, ಜಲ್ದಿ ಬಾ. ಒಡಪ ಕೆಟ್ಟೈತಿ."

"ಏನಾತು ಮಾಮಾ?"

"ತಪ್ಪು ಹೇಳಾಕತ್ತಾಳ. ಮತ್ತ ಹೊಡದೈತಿ ಅನಸ್ತೈತಿ. ಗಾಡಿಗೆ ಹೇಳೇನಿ, ಹುಬ್ಬಳ್ಳಿಗೆ ಒಯ್ಯೂಣು."

ಹಾನಗಲ್ಲಿನಿಂದ ತಿಳವಳ್ಳಿಯ ಬಸ್ಸು ಆ ದಿನ ಕಂಡ ಕಂಡ ಮರಕ್ಕೆಲ್ಲ ನಿಂತಿತು. ನಾನು ಕಿಟಕಿಯ ಸರಳು ಹಿಡಿದು ಕೂತಿದ್ದೆ. ಮೊದಲು ಎಡಗಡೆ, ಈಗ ಬಲಗಡೆಯೂ ಹೋಯಿತೆಂದರೆ ಎತ್ತೂ ಇಲ್ಲ, ಒಡೆಯನೂ ಇಲ್ಲ. ಉಳಿಯುವುದು ದಂಟಿನ ತುದಿಯ ಕಾವಲುಗಾರನೊಬ್ಬ, ಬರಿದಾದ ಮನೆಯ ಬಾಗಿಲು ಕಾಯುತ್ತ.

ಅಂಗಳದಲ್ಲಿ ಗಾಡಿ ಬಂದು ನಿಂತಿತ್ತು. ಮಾಮಾ ಧೋತರದ ಚುಂಗು ಸಿಕ್ಕಿಸಿ ಹೊರಡಲು ನಿಂತಿದ್ದರು. ಅಕ್ಕ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಗಾಡಿ ಹತ್ತಲು ಒಲ್ಲಳು. ತುಟಿ ನೆಟ್ಟಗಿತ್ತು, ಎರಡೂ ಕೈ ಎತ್ತಿಸಿದೆ, ಎತ್ತಿದಳು.

"ನೀನ ಕೇಳು," ಎಂದರು ಮಾಮಾ. ಅಕ್ಕನಿಗೆ, "ಹೇಳು. ಸವಣೂರ ಎಲಿಗೆ..."

"ಸವಣೂರ ಎಲಿಗೆ ಸುಣ್ಣ ಬೇಕು, ಸುಣ್ಣಕ್ಕ ಬೇಕು ನೀರು," ಎಂದಳು ಅಕ್ಕ. ಅಲ್ಲಿ ನಿಂತಳು. ಹಣೆಯ ಮೇಲೆ ಗೆರೆ ಮೂಡಿದವು. ಕತ್ತಲಲ್ಲಿ ಮೆಟ್ಟಿಲು ಇಳಿಯುವವಳಂತೆ ಒಂದೊಂದೇ ಶಬ್ದ ಇಟ್ಟಳು: "ನನಗ... ಫಕ್ಕೀರಪ್ಪನ... ಬಿಟ್ಟರ... ಬ್ಯಾರೆ ಗತಿ ಯಾರು?"

"ಕೇಳಿದೇನು?" ಎಂದರು ಮಾಮಾ. "ನಿನ್ನಿ ತನಕ ಸರಿ ಇತ್ತು. ಹಂಗಲ್ಲ, ಫಕ್ಕೀರಪ್ಪಗ ನನ್ನ ಬಿಟ್ಟರ. ಇನ್ನೊಮ್ಮೆ ಹೇಳು."

"ನನಗ ಫಕ್ಕೀರಪ್ಪನ ಬಿಟ್ಟರ."

"ತಪ್ಪಾತು! ಫಕ್ಕೀರಪ್ಪಗ..."

ಅಕ್ಕನ ಮುಖ ಕೆಂಪಾಯಿತು. ಎಡಗೈಯಲ್ಲಿದ್ದ ಕೋಲನ್ನು ನೆಲಕ್ಕೆ ಕುಟ್ಟಿದಳು. "ತಪ್ಪಿಲ್ಲ!" ಎಂದಳು.

ಕೊಟ್ಟಿಗೆಯಲ್ಲಿ ಎತ್ತು ಗಂಟೆ ಅಲುಗಿಸಿತು. ಅಕ್ಕ ಆಡಿದ ಆ 'ತಪ್ಪಿಲ್ಲ' ಒಡಪಿನಲ್ಲಿರಲಿಲ್ಲ. ಅದು ಎಲ್ಲಿಂದಲೋ ಹೊಸದಾಗಿ ಬಂದಿತ್ತು. ಎಲ್ಲಿಂದ ಎಂಬುದನ್ನು ನಾನು ಜನ್ಮವಿಡೀ ಚಾಕುವಿನ ತುದಿಯಿಂದ ತೋರಿಸುತ್ತ ಬಂದಿದ್ದೆ.

"ಮಾಮಾ, ಗಾಡಿ ಕಳಸ್ರಿ," ಎಂದೆ. ಆಮೇಲೆ ಕೂತು ವಿವರಿಸಿದೆ: ಬಾಯಿಪಾಠ ಕೆಟ್ಟಿದ್ದರೆ ಚೂರುಚೂರಾಗುತ್ತಿತ್ತು. ಹೀಗೆ ಒಬ್ಬರ ಜಾಗದಲ್ಲಿ ಇನ್ನೊಬ್ಬರನ್ನು ತಂದು ಕೂರಿಸಬೇಕಾದರೆ ಒಡೆಯ ಎಚ್ಚರವಾಗಿರಬೇಕು. ಮಾಮಾ ಅರ್ಧ ಕೇಳಿದರು. ಉಳಿದರ್ಧ ಹೊತ್ತು ಅವಳು ಹೇಳಿದ್ದರ ಅರ್ಥ ಅವರಿಗೆ ಈಗ ತಾನೇ ಮುಟ್ಟುತ್ತಿದ್ದಂತೆ ಕಂಡಿತು. ಎಲೆಯ ಸಂಚಿ ಬಿಚ್ಚಿ, ಒಂದು ಎಲೆಗೆ ಸುಣ್ಣ ಸವರಿ, ಮಡಚಿ, ಮೊದಲ ಸಲ ತಮ್ಮ ಬಾಯಿಗೆ ಹಾಕಿಕೊಳ್ಳದೆ ಅವಳ ಕೈಗೆ ಕೊಟ್ಟರು.

ಅಕ್ಕ ಈಗ ಮಾತಾಡುತ್ತಾಳೆ. ನಿಧಾನ, ನಡುವೆ ಶಬ್ದಕ್ಕಾಗಿ ತಡಕಾಡುತ್ತಾಳೆ, ಆದರೆ ಬೈಯುವುದರಲ್ಲಿ ಕೊರತೆಯಿಲ್ಲ. ಮಾಮಾ ಅವಳ ಬಾಯಲ್ಲಿ ಮತ್ತೆ "ಏ, ಇಲ್ಲಿ ಕೇಳ್ರಿ" ಆಗಿದ್ದಾರೆ. ಮೊನ್ನೆ ಹೋಗಿದ್ದೆ. ಮೂವರೂ ಪಡಸಾಲೆಯಲ್ಲಿ ಕೂತಿದ್ದಾಗ ಮಾಮಾ ಬೇರೆಲ್ಲೋ ನೋಡುತ್ತ, ಯಾರಿಗೂ ಅಲ್ಲವೆಂಬಂತೆ, "ಸವಣೂರ ಎಲಿಗೆ..." ಎಂದರು.

"ಸುಮ್ನ ಕುಂದರ್ರಿ," ಎಂದಳು ಅಕ್ಕ. "ಮಂದಿ ಅದಾರ."

ಆ ಮಂದಿ ನಾನೇ. ಮಾಮಾ ನೆಲ ನೋಡಿದರು. ಅವಳು ಪೂರ್ತಿ ಗುಣವಾದದ್ದು ನನಗೆ ಖಾತ್ರಿಯಾದದ್ದು ಆಗಲೇ. ಅವರಿಗೆ ಅದರಿಂದ ಸಂತೋಷದ ಜೊತೆಗೆ ಇನ್ನೇನಾಯಿತೆಂದು ನಾನು ಕೇಳಲಿಲ್ಲ.

ಹೂಕೋಸು ಇನ್ನೂ ತಾಟಿನಲ್ಲಿಯೇ ಇದೆ. ಚಾಕುವನ್ನು ಎಡ ಅರೆಯ ಮೇಲೆ ಇಟ್ಟೆ, ತೆಗೆದೆ. ಹೂಗಳನ್ನು ಒಂದೊಂದಾಗಿ ಬೆರಳಿನಿಂದ ಬಿಡಿಸತೊಡಗಿದೆ. ಬಿಡಿಸುತ್ತ, ನನ್ನ ಮದುವೆಯ ದಿನ ಇವಳು ಯಾವ ಒಡಪು ಹೇಳಿದ್ದಳೆಂದು ಯೋಚಿಸಿದೆ. ವಾಲಗದ ಗದ್ದಲದಲ್ಲಿ ಕೇಳಿಸಿರಲಿಲ್ಲ. ಆಮೇಲೆ ಕೇಳಿದ್ದೂ ಇಲ್ಲ.

"ನಿನ್ನ ಒಡಪು ಯಾವುದಿತ್ತು?" ಎಂದು ಅಡುಗೆಮನೆಯತ್ತ ಕೂಗಿದೆ.

"ಈಗ್ಯಾಕ? ತಲಿ ನೆಟ್ಟಗೈತಿಲ್ಲೋ?"

"ಇಬ್ಬರದೂ ನೆಟ್ಟಗ ಇದ್ದಾಗನ ಕೇಳಾಕತ್ತೇನಿ."

"ಮೊದಲ ಹೂಕೋಸು ಕೊಡ್ರಿ. ಎಣ್ಣಿ ಕಾದೈತಿ."

ತಾಟು ಕೊಟ್ಟು ಬಂದು ಕೂತೆ. ಒಗ್ಗರಣೆಗೆ ಸಾಸಿವೆ ಬಿತ್ತು. ಅದು ಚಟಪಟ ಸಿಡಿಯುವ ಸದ್ದಿನ ಮರೆಯಲ್ಲಿ, ಗೋಡೆಗೆ ಹೇಳುವವಳಂತೆ, ಅವಳು ಏನನ್ನೋ ಬೇಗಬೇಗ ಹೇಳಿ ಮುಗಿಸಿದಳು. ಪ್ರಾಸ ಹಿಡಿಯಲಾಗಲಿಲ್ಲ. ನಡುವೆ ಎಲ್ಲೋ ನನ್ನ ಹೆಸರು ಮಾತ್ರ ಕೇಳಿಸಿತು.